ಸೋದರಮಾವನ ಬೆನ್ನುನೋವು

ನನ್ನ ಮಗಳ ಮದುವೆಯಲ್ಲಿ ಅವಳ ಸೋದರಮಾವನಿಗೆ ಬೆನ್ನುನೋವು ಎಂದು ಬಂದವರಿಗೆಲ್ಲ ಹೇಳಿದೆ. ಕೇಳಿದವರಿಗೂ ಹೇಳಿದೆ, ಕೇಳದವರಿಗೂ ಹೇಳಿದೆ. ಅವನಿಗೆ ಬೆನ್ನುನೋವು ಇರಲಿಲ್ಲ. ಆ ಸುಳ್ಳನ್ನು ಹುಟ್ಟಿಸಿದವಳು ನಾನು, ಅದನ್ನು ಅವನ ಬಾಯಲ್ಲೇ ಹೇಳಿಸಿದವಳೂ ನಾನು. ಇದನ್ನು ಬರೆಯಲು ಕೂತಾಗಲೆಲ್ಲ ಎದ್ದು ಹೋಗಿ ಒಲೆಯ ಮೇಲೆ ಏನಾದರೂ ಇಟ್ಟು ಬರುತ್ತಿದ್ದೆ. ಇವತ್ತು ಅಡುಗೆ ಮುಗಿದಿದೆ, ನೆಪ ಉಳಿದಿಲ್ಲ.

ನಾನು ಜಯನಗರದ ಒಂದು ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಜೀವಶಾಸ್ತ್ರ ಪಾಠ ಮಾಡಿದವಳು. ಮಿದುಳಿನ ಚಿತ್ರವನ್ನು ಬೋರ್ಡಿನ ಮೇಲೆ ಒಂದೇ ಗೆರೆಯಲ್ಲಿ ಬರೆದು ಭಾಗಗಳನ್ನು ಗುರುತಿಸುತ್ತಿದ್ದೆ, ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಅದರ ಬಗ್ಗೆ ನನಗೆ ಜಂಬವಿತ್ತು. ತಿಳಿವಳಿಕೆ ಇದ್ದರೆ ಮನುಷ್ಯ ಸಣ್ಣತನ ಮಾಡುವುದಿಲ್ಲ ಎಂದು ನಂಬಿದ್ದವಳು ನಾನು, ಪಾಪ.

ತಮ್ಮ ನನಗಿಂತ ಆರು ವರ್ಷ ಚಿಕ್ಕವನು. ವಿಲ್ಸನ್ ಗಾರ್ಡನ್‌ನ ಒಂದು ಪ್ರೆಸ್ಸಿನಲ್ಲಿ ಲಗ್ನಪತ್ರಿಕೆಗಳನ್ನು ಕಂಪೋಸ್ ಮಾಡುತ್ತಾನೆ. ಯಾರ ಹೆಸರು ಯಾರ ಹೆಸರಿನ ಮೇಲೆ ಬರಬೇಕು ಎಂದು ಮನೆಮನೆಗಳಲ್ಲಿ ನಡೆಯುವ ಜಗಳಗಳನ್ನು ಅವನಷ್ಟು ಕಂಡವರು ಈ ಊರಿನಲ್ಲಿ ಇರಲಾರರು. ಇಪ್ಪತ್ತೈದರ ವಯಸ್ಸಿಗೆ ಗೆಳೆಯರ ಜೊತೆ ಕುಡಿಯಲು ಶುರುಮಾಡಿದ. ನಲವತ್ತು ತುಂಬುವ ಹೊತ್ತಿಗೆ ಬೆಳಿಗ್ಗೆ ಎದ್ದ ಕೂಡಲೇ ಕುಡಿಯದಿದ್ದರೆ ಅವನ ಕೈ ಕಾಫಿ ಲೋಟ ಹಿಡಿಯುತ್ತಿರಲಿಲ್ಲ. ತವರಿಗೆ ಹೋದ ಹೆಂಡತಿ ಮರಳಿ ಬರಲಿಲ್ಲ. ಅವಳನ್ನು ನಾನು ಬೈಯಲಾರೆ, ಆದರೆ ಆಗ ಬೈದಿದ್ದೆ.

ನೆಂಟರು ಕೇಳಿದಾಗ ಅವನಿಗೆ ಹುಷಾರಿಲ್ಲ ಎನ್ನುತ್ತಿದ್ದೆ. ಏನಾಗಿದೆ ಎಂದರೆ ಒಂದು ವರ್ಷ ಕಾಮಾಲೆ, ಮತ್ತೊಂದು ವರ್ಷ ಟೈಫಾಯ್ಡ್, ಆಮೇಲೆ ಸಕ್ಕರೆ ಕಾಯಿಲೆ. ಪಾಠ ಹೇಳುವವಳಲ್ಲವೇ, ರೋಗಗಳ ಹೆಸರಿಗೆ ನನಗೆ ಬರವಿರಲಿಲ್ಲ. ಅವನಿಗಿದ್ದ ಒಂದು ಕಾಯಿಲೆಯನ್ನು ಬಿಟ್ಟು ಉಳಿದವನ್ನೆಲ್ಲ ಅವನಿಗೆ ಅಂಟಿಸಿದ್ದೆ.

ಮೂರನೆಯ ಸಲ ಆಸ್ಪತ್ರೆಗೆ ಸೇರಿಸಿದಾಗ ಅಲ್ಲಿದ್ದ ಡಾಕ್ಟರು ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸಿನ ಹುಡುಗಿ. ನಾನು ಎಂದಿನಂತೆ, "ಇವನಿಗೆ ಮನಸ್ಸೇ ಗಟ್ಟಿ ಇಲ್ಲ ಡಾಕ್ಟ್ರೇ. ಬಿಡ್ತೀನಿ ಅಂತ ದೇವ್ರ ಮುಂದೆ ಎಷ್ಟು ಸಲ ಆಣೆ ಮಾಡಿದಾನೆ ಗೊತ್ತಾ?" ಎಂದೆ. ಆಕೆ ನಗಲಿಲ್ಲ. "ಮೇಡಂ, ಮನಸ್ಸು ಗಟ್ಟಿ ಮಾಡ್ಕೋಬೇಕಾದ ಜಾಗಾನೇ ಏಟು ತಿಂದಿದೆ. ಕಾಲು ಮುರ್ದಿರೋರಿಗೆ ಓಡು ಅಂದ ಹಾಗೆ ಆಗತ್ತೆ ಅಷ್ಟೆ," ಎಂದಳು. ಸುಖ ಎಂದರೆ ಇಷ್ಟು ಎಂದು ಅಳೆಯುವ ಮಿದುಳಿನ ತಕ್ಕಡಿ ವರ್ಷಗಟ್ಟಲೆ ಕುಡಿದರೆ ಹೇಗೆ ಕೆಡುತ್ತದೆ, ಊಟ, ಹಾಡು, ಮಗುವಿನ ನಗು ಯಾವುದೂ ಅದರಲ್ಲಿ ತೂಗದಂತೆ ಹೇಗಾಗುತ್ತದೆ ಎಂದು ವಿವರಿಸಿದಳು. ಬಿಟ್ಟ ಮೇಲೂ ಒಂದು ರಸ್ತೆ, ಒಂದು ವಾಸನೆ, ಒಂದು ಅವಮಾನ ಸಾಕು, ಹಳೆಯ ದಾರಿ ಮಿದುಳಿನಲ್ಲಿ ಮತ್ತೆ ತೆರೆದುಕೊಳ್ಳಬಹುದು ಎಂದಳು. ಬಿಪಿ, ಶುಗರ್ ಇದ್ದವರು ಹೇಗೆ ಜೀವನಪೂರ್ತಿ ನೋಡಿಕೊಳ್ಳುತ್ತಾರೋ ಇದೂ ಹಾಗೆಯೇ, ಮತ್ತೆ ಬಂದರೆ ಮತ್ತೆ ಚಿಕಿತ್ಸೆ, ಬೈಗುಳವಲ್ಲ. ನಾನು ಪರ್ಸಿನಿಂದ ಪೆನ್ನು ತೆಗೆದು ಔಷಧಿ ಚೀಟಿಯ ಹಿಂದೆ ಬರೆದುಕೊಂಡೆ.

ಬರೆದುಕೊಂಡದ್ದು ವ್ಯರ್ಥವಾಗಲಿಲ್ಲ, ಪಾಠಕ್ಕೆ ಬಂತು. ಮುಂದಿನ ವರ್ಷ ಹತ್ತನೇ ತರಗತಿಗೆ ಹೇಳಿದೆ. ನಿವೃತ್ತಿಯಾದ ಮೇಲೆ ನಾಲ್ಕಾರು ಕಡೆ ಕರೆದು ಭಾಷಣ ಮಾಡಿಸಿದರು. "ವ್ಯಸನ ಒಂದು ಕಾಯಿಲೆ, ಚಾರಿತ್ರ್ಯದ ದೋಷವಲ್ಲ" ಎಂದು ನಾನು ಧ್ವನಿ ಏರಿಸಿ ಹೇಳಿದಾಗ ಚಪ್ಪಾಳೆ ಬೀಳುತ್ತಿತ್ತು. ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಡುತ್ತಿದ್ದರು. ನನಗೊಬ್ಬ ತಮ್ಮನಿದ್ದಾನೆ ಎಂದು ಯಾವ ಭಾಷಣದಲ್ಲೂ ಹೇಳಲಿಲ್ಲ.

ಆ ಮೂರನೆಯ ಆಸ್ಪತ್ರೆಯ ನಂತರ ತಮ್ಮ ಕುಡಿಯಲಿಲ್ಲ. ಚಿಕ್ಕಲಸಂದ್ರದಲ್ಲಿ ಒಂದು ರೂಮು ಮಾಡಿಕೊಂಡ. ಬಿಟಿಎಂ ಲೇಔಟ್‌ನಲ್ಲಿ, ಕುಡಿತ ಬಿಟ್ಟವರು ಮತ್ತು ಬಿಡಲು ನೋಡುತ್ತಿರುವವರು ಒಂದು ನರ್ಸರಿ ಶಾಲೆಯ ಕೋಣೆಯಲ್ಲಿ ವಾರಕ್ಕೆ ಮೂರು ಸಂಜೆ ಸೇರುತ್ತಾರೆ. ಅಲ್ಲಿಗೆ ತಪ್ಪದೆ ಹೋಗತೊಡಗಿದ. ಮಕ್ಕಳ ಪುಟ್ಟ ಬೆಂಚುಗಳ ಮೇಲೆ ದೊಡ್ಡ ದೊಡ್ಡ ಗಂಡಸರು ಮೊಣಕಾಲು ಮಡಚಿಕೊಂಡು ಕೂರುವುದನ್ನು ಅವನು ವರ್ಣಿಸಿದರೆ ನಗು ತಡೆಯಲು ಆಗುತ್ತಿರಲಿಲ್ಲ. ಒಮ್ಮೆ ಮಾತ್ರ ಗಂಭೀರವಾಗಿ ಹೇಳಿದ: "ಅಕ್ಕ, ಅಲ್ಲಿ ಮೊದ್ಲು ಬಿಡೋದು ಕುಡಿಯೋದನ್ನಲ್ಲ, ಸುಳ್ಳು ಹೇಳೋದನ್ನ. ಕುಡಿಯೋನಿಗೆ ದಿನಕ್ಕೆ ಹತ್ತು ಸುಳ್ಳು ಬೇಕು. ಒಂದು ಸುಳ್ಳು ಒಳಗೆ ಬಂತು ಅಂದ್ರೆ ಬಾಟ್ಲಿ ಅದರ ಹಿಂದೇನೇ ನಿಂತಿರತ್ತೆ. ನಂಗೆ ಗೊತ್ತು." ನಾನು ಹೂಂ ಎಂದೆ. ಅದೂ ಒಳ್ಳೆಯ ಮಾತು, ಭಾಷಣಕ್ಕೆ ಆದೀತು ಎಂದು ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ.

ಅವನು ಭಾನುವಾರ ಭಾನುವಾರ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದ. ಬಾಗಿಲು ತೆಗೆದ ಕೂಡಲೇ ನಾನು ಏನಾದರೂ ನೆಪ ಮಾಡಿ ಅವನ ಮುಖದ ಹತ್ತಿರ ಹೋಗುತ್ತಿದ್ದೆ. ಕಾಲರಿನ ಮೇಲೆ ದಾರ ಇದೆ ಎನ್ನುವುದು, ಕನ್ನಡಕ ಸೊಟ್ಟಗಾಗಿದೆ ಎನ್ನುವುದು. ವಾಸನೆ ನೋಡುತ್ತಿದ್ದೆ. ವಾಸನೆ ಇಲ್ಲ ಎಂದ ಮೇಲೆ ನನ್ನ ಉಸಿರು ಸಲೀಸಾಗುತ್ತಿತ್ತು. ಎಷ್ಟೋ ಕಾಲದ ನಂತರ ನಾನು ಗಮನಿಸಿದ್ದೇನೆಂದರೆ, ಅವನು ಚಪ್ಪಲಿ ಬಿಟ್ಟವನು ಒಳಗೆ ಹೋಗದೆ ಅಲ್ಲಿಯೇ ನನ್ನ ಮುಂದೆ ನಿಂತು, ತಲೆ ಸ್ವಲ್ಪ ಬಗ್ಗಿಸಿ, "ಅಕ್ಕಾ, ಹೇಗಿದೀಯ?" ಎಂದು ನಿಧಾನವಾಗಿ ಉಸಿರು ಬಿಟ್ಟು ಕೇಳುತ್ತಿದ್ದ. ನನಗೆ ಕಷ್ಟವಾಗಬಾರದೆಂದು ತಾನೇ ಹತ್ತಿರ ಬರುತ್ತಿದ್ದ. ಯಾವತ್ತಿನಿಂದ ಹಾಗೆ ಮಾಡುತ್ತಿದ್ದನೋ ನನಗೆ ತಿಳಿಯದು. ತಿಳಿದ ಮೇಲೂ ನಾನು ನಿಲ್ಲಿಸಲಿಲ್ಲ. ನಾಚಿಕೆಗೇಡು ಎಂದರೆ ಇದೇ.

ಹೀಗೆ ಆರು ವರ್ಷ ಕಳೆದವು. ಮಗಳ ಮದುವೆ ಶ್ರಾವಣಕ್ಕೆ ನಿಶ್ಚಯವಾಯಿತು.

ನಮ್ಮ ಕಡೆ ಗೌರಿಪೂಜೆ ಮುಗಿಸಿ ಕೂತ ಹುಡುಗಿಯನ್ನು ಸೋದರಮಾವನೇ ಮಂಟಪಕ್ಕೆ ಕರೆತರಬೇಕು. ಕರೆತರುವುದೆಂದರೆ ಎತ್ತಿಕೊಂಡು ಬರುವುದು. ಈಗ ಬಹಳ ಮನೆಗಳಲ್ಲಿ ಕೈಹಿಡಿದು ನಡೆಸುತ್ತಾರೆ, ನಮ್ಮವರು ಇನ್ನೂ ಎತ್ತುತ್ತಾರೆ. ನನ್ನ ಮಗಳು ಐದಾರು ವರ್ಷದವಳಿದ್ದಾಗಿನಿಂದ ಇದು ಅವರಿಬ್ಬರ ತಮಾಷೆ. ಅವಳು ಎರಡನೇ ಸಲ ತುಪ್ಪ ಹಾಕಿಸಿಕೊಂಡರೆ, "ಸಾಕು ಬಿಡೇ, ನಾಳೆ ಎತ್ತೋನು ನಾನು," ಎನ್ನುತ್ತಿದ್ದ. ಕುಡಿದು ಮನೆಗೆ ಬರಲಾಗದೆ ಹೋದ ವರ್ಷಗಳಲ್ಲೂ ಅವಳು ಮಾವನ ವಿಷಯ ಬಂದರೆ, "ಮಾವ ನನ್ನ ಮದ್ವೆ ಹೊತ್ತಿಗೆ ಸರಿ ಹೋಗ್ತಾರೆ, ಎತ್ತಬೇಕಲ್ಲ," ಎನ್ನುತ್ತಿದ್ದಳು. ಅವನು ಸರಿಹೋಗಿದ್ದ. ಅವಳ ಮಾತು ನಿಜವಾಗಿತ್ತು.

ನನಗೆ ಮಾತ್ರ ನಿದ್ದೆ ಹತ್ತಲಿಲ್ಲ. ಗಂಡಿನ ಕಡೆಯವರಲ್ಲಿ ಯಾರಾದರೂ ಹಳೆಯದನ್ನು ಕೆದಕಿದರೆ? ನಮ್ಮ ಪಕ್ಕದ ಮನೆಯಾಕೆ ಇದ್ದಾರೆ, ಇಪ್ಪತ್ತೆರಡು ವರ್ಷದ ನೆರೆಯವರು. ನನ್ನ ತಮ್ಮ ಗೇಟಿನ ಹತ್ತಿರ ಬಿದ್ದಿದ್ದ ಒಂದು ದಿನ ಅವರು ಕಿಟಕಿಯಿಂದ ನೋಡಿದ್ದರು. ಒಂದು ಮಾತೂ ಕೇಳಿರಲಿಲ್ಲ. ಕೇಳದವರ ಬಗ್ಗೆಯೇ ನನಗೆ ಹೆಚ್ಚು ಭಯ. ಅಷ್ಟು ಜನರ ಎದುರು ಅವನು ಮಂಟಪ ಏರಿದರೆ ಆಕೆ ಪಕ್ಕದವರ ಕಿವಿಯಲ್ಲಿ ಏನು ಹೇಳುತ್ತಾರೆ ಎಂಬುದನ್ನು ನಾನೇ ಪದ ಪದವಾಗಿ ಕಲ್ಪಿಸಿಕೊಂಡೆ. ಸಂಭ್ರಮದ ದಿನಗಳಲ್ಲಿ ಕುಡಿತ ಮರುಕಳಿಸುವ ಅಪಾಯವಿದೆ ಎಂದು ಓದಿದ್ದೆನಲ್ಲ, ಅದನ್ನೂ ನೆನಪಿಸಿಕೊಂಡೆ. ಅವನ ಒಳ್ಳೆಯದಕ್ಕೇ ಎಂದುಕೊಂಡೆ. ಕಲಿತ ವಿಜ್ಞಾನವೆಲ್ಲ ನನ್ನ ಭಯಕ್ಕೆ ಸಾಕ್ಷಿ ಹೇಳಲು ಸಾಲಾಗಿ ಬಂದು ನಿಂತಿತು. ಯಜಮಾನರನ್ನು ಕೇಳಿದರೆ, "ನಿನ್ನ ತಮ್ಮ, ನಿನ್ನಿಷ್ಟ," ಎಂದು ಪೇಪರ್ ತಿರುವಿದರು.

ಲಗ್ನಪತ್ರಿಕೆಯ ಪ್ರೂಫ್ ಹಿಡಿದುಕೊಂಡು ತಮ್ಮ ಮನೆಗೆ ಬಂದ ದಿನವೇ ಹೇಳಿದೆ. ಪತ್ರಿಕೆಯನ್ನು ಅವನೇ ಕೂತು ಮಾಡಿದ್ದ, ಅಂಚಿಗೆ ಬಾಳೆಕಂಬದ ಚಿತ್ರ. ಅದನ್ನು ಊಟದ ಮೇಜಿನ ಮೇಲೆ ಹರಡಿ, ಕಾಗುಣಿತ ತಪ್ಪಿದ್ದರೆ ನೋಡು ಎಂದ.

"ಪತ್ರಿಕೆ ಚೆನ್ನಾಗಿದೆ. ಮಂಟಪಕ್ಕೆ ಮಾತ್ರ ದೊಡ್ಡಪ್ಪನ ಮಗ ಎತ್ಕೊಂಡು ಬರಲಿ," ಎಂದೆ. ದೊಡ್ಡಪ್ಪನ ಮಗನೂ ಅವಳಿಗೆ ಸೋದರಮಾವನೇ, ಶಾಸ್ತ್ರಕ್ಕೆ ಏನೂ ಕೊರತೆಯಿರಲಿಲ್ಲ.

ಅವನು ಪ್ರೂಫಿನಿಂದ ಕಣ್ಣು ತೆಗೆಯಲಿಲ್ಲ. "ಸರಿ ಅಕ್ಕ. ನಾನು ಹಿಂದೆ ನಿಂತ್ಕೋತೀನಿ ಬಿಡು."

"ಅವಳು ಯಾಕೆ ಅಂತ ಕೇಳ್ತಾಳೆ. ಬೆನ್ನುನೋವು ಅಂತ ನೀನೇ ಹೇಳ್ಬಿಡು. ನಾನು ಹೇಳಿದ್ರೆ ನಂಬಲ್ಲ."

ಆಗ ತಲೆ ಎತ್ತಿದ. "ಬೇಡ ಅಂದ್ರೆ ಬೇಡ, ನಂಗೇನೂ ಬೇಜಾರಿಲ್ಲ. ಸುಳ್ಳು ಮಾತ್ರ ನನ್ ಬಾಯಲ್ಲಿ ಹೇಳಿಸ್ಬೇಡ ಅಕ್ಕ."

"ಮದ್ವೆ ಮನೆ ಕಣೋ. ಒಂದು ಮಾತು ತಾನೆ. ನನ್ನ ಮರ್ಯಾದೆ ಉಳಿಸಕ್ಕೆ ಅಷ್ಟೂ ಮಾಡಲ್ವಾ ನೀನು? ಎಷ್ಟು ವರ್ಷ ನಿನ್ನಿಂದ ತಲೆ ತಗ್ಗಿಸಿದೀನಿ ಅಂತ ಮರ್ತುಹೋಯ್ತಾ?"

ಆ ಕೊನೆಯ ಮಾತನ್ನು ನಾನು ಆಡಬಾರದಿತ್ತು. ಅವನಿಗೆ ಅದಕ್ಕೆ ಉತ್ತರವಿಲ್ಲ ಎಂದು ಗೊತ್ತಿದ್ದೇ ಆಡಿದೆ. ಅವನು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡು, "ಆಯ್ತು, ಹೇಳ್ತೀನಿ," ಎಂದು ಎದ್ದ. ಊಟ ಮಾಡಿಕೊಂಡು ಹೋಗು ಎಂದರೆ ಬಸ್ಸಿಗೆ ಹೊತ್ತಾಯಿತು ಎಂದ.

ಮದುವೆ ಬನಶಂಕರಿಯ ಒಂದು ಛತ್ರದಲ್ಲಿ ನಡೆಯಿತು. ದೊಡ್ಡಪ್ಪನ ಮಗ ಗಟ್ಟಿಮುಟ್ಟಾದ ಆಳು, ರೇಷ್ಮೆ ಪಂಚೆ ಉಟ್ಟು, ಹುಡುಗಿಯನ್ನು ಹೂವಿನ ಹಾಗೆ ಎತ್ತಿಕೊಂಡು ಬಂದ. ಜನ ಶಿಳ್ಳೆ ಹೊಡೆದರು. ಅವನು ನನ್ನ ಪಕ್ಕದಲ್ಲೇ ಹಾದುಹೋದಾಗ, ಅಭ್ಯಾಸ ನೋಡಿ, ನನ್ನ ಮೂಗು ತನ್ನ ಕೆಲಸ ಮಾಡಿತು. ಏಲಕ್ಕಿಯ ವಾಸನೆಯ ಕೆಳಗೆ ಹಿಂದಿನ ದಿನದ ವಿಸ್ಕಿ ಇತ್ತು. ಅವನು ವಾರಕ್ಕೆರಡು ಸಲ ಕ್ಲಬ್ಬಿನಲ್ಲಿ ಕುಡಿಯುವುದು ಎಲ್ಲರಿಗೂ ಗೊತ್ತು, ಯಾರಿಗೂ ಅದು ವಿಷಯವಲ್ಲ. ಆರು ವರ್ಷದಿಂದ ಒಂದು ಹನಿ ಮುಟ್ಟದ ನನ್ನ ತಮ್ಮ ನಾದಸ್ವರದವರ ಹಿಂದೆ, ಕಂಬಕ್ಕೆ ಆತು, ಸೊಂಟದ ಮೇಲೆ ಒಂದು ಕೈ ಇಟ್ಟುಕೊಂಡು ನಿಂತಿದ್ದ. ನೋವಿರುವವರು ಹಾಗೆ ನಿಲ್ಲುತ್ತಾರೆ. ಒಪ್ಪಿಕೊಂಡ ಕೆಲಸವನ್ನು ಅವನು ಅಚ್ಚುಕಟ್ಟಾಗಿ ಮಾಡುತ್ತಿದ್ದ.

ಪಕ್ಕದ ಮನೆಯಾಕೆ ಊಟದ ಸಾಲಿನಲ್ಲಿ, "ತಮ್ಮ ಎತ್ತಲಿಲ್ವಾ?" ಎಂದು ಕೇಳಿಯೇ ಕೇಳಿದರು. "ಬೆನ್ನುನೋವು, ಡಿಸ್ಕ್ ಜಾರಿದೆ," ಎಂದೆ. ಡಿಸ್ಕನ್ನು ಸೇರಿಸಿದ್ದು ಆಗಲೇ ಹೊಳೆದು.

ಮದುವೆ ಮುಗಿದು ಮೂರು ವಾರವಾಗಿತ್ತು. ಮಧ್ಯಾಹ್ನ ನಾನು ಹಪ್ಪಳ ಒಣಗಿಸುತ್ತಿದ್ದಾಗ ಫೋನ್ ಬಂತು. "ಅಕ್ಕ, ಇವತ್ತು ಕುಡ್ದೆ," ಎಂದ. ಮಾತು ತೊದಲುತ್ತಿರಲಿಲ್ಲ. "ನಿಂಗೆ ಬೇರೆಯವರಿಂದ ಗೊತ್ತಾಗೋದು ಬೇಡ ಅಂತ ನಾನೇ ಹೇಳ್ತಿದೀನಿ."

ಆ ಕ್ಷಣದಲ್ಲಿ ನನಗೆ ಏನನ್ನಿಸಿತು ಎಂದು ಇದುವರೆಗೆ ಯಾರಿಗೂ ಹೇಳಿಲ್ಲ. ಸಮಾಧಾನವೆನ್ನಿಸಿತು. ನೋಡು, ನಾನು ಹೆದರಿದ್ದು ಸರಿಯಾಗಿಯೇ ಇತ್ತು, ಸದ್ಯ ಮದುವೆ ಮುಗಿದ ಮೇಲೆ ಆಯಿತು ಎನ್ನಿಸಿತು. ಒಡಹುಟ್ಟಿದವನು ಆರು ವರ್ಷ ಕಟ್ಟಿಕೊಂಡದ್ದು ಕುಸಿಯಿತು ಎಂದು ಹೇಳುತ್ತಿದ್ದಾನೆ, ನಾನು ಗೆದ್ದವಳ ಹಾಗೆ ನಿಂತಿದ್ದೇನೆ. ಹಪ್ಪಳದ ಹಿಟ್ಟು ಮೆತ್ತಿದ್ದ ಕೈಯಲ್ಲಿ ಫೋನು ಜಾರುತ್ತಿತ್ತು. "ಎಲ್ಲಿದೀಯ?" ಎಂದಷ್ಟೇ ಕೇಳಿದೆ.

ಮರುದಿನ ಬೆಳಿಗ್ಗೆ ಅವನೇ ಆಸ್ಪತ್ರೆಗೆ ಹೋಗಿದ್ದ. ನಾನೂ ಹೋದೆ. ಅದೇ ಡಾಕ್ಟರು, ಈಗ ಕೂದಲಲ್ಲಿ ನಾಲ್ಕು ಬಿಳಿ ಎಳೆ. ಅವನು ಹೊರಗೆ ಕೂತಿದ್ದಾಗ ನಡೆದದ್ದನ್ನೆಲ್ಲ ಹೇಳಿ, ನನ್ನಿಂದ ಹೀಗಾಯಿತೇ ಎಂದು ಕೇಳಿದೆ. ಅಲ್ಲ ಎನ್ನುತ್ತಾಳೆ ಎಂದು ಕಾದೆ. "ಒಂದೇ ಕಾರಣ ಅಂತ ಇರಲ್ಲ ಮೇಡಂ," ಎಂದಳು. "ಆರು ವರ್ಷ ಎಲ್ಲೂ ಹೋಗಿಲ್ಲ, ಮಿದುಳು ಆ ಆರು ವರ್ಷಾನೂ ಕಲ್ತಿದೆ. ಕುಡಿದ ದಿನಾನೇ ಫೋನ್ ಮಾಡಿದಾರಲ್ಲ, ಅದು ಕಲ್ತಿದ್ದಕ್ಕೇ. ಆದ್ರೆ ನಾಚಿಕೆಯಲ್ಲಿ ಮುಳುಗಿರೋರು ಸಹಾಯ ಕೇಳಲ್ಲ ಮೇಡಂ, ಅದಕ್ಕೆ ಹೇಳೋದು, ಮನೆಯವರು ಅದನ್ನ ಹೆಚ್ಚು ಮಾಡ್ಬಾರ್ದು." ನನ್ನನ್ನು ಬಿಡಿಸಲೂ ಇಲ್ಲ, ಕಟ್ಟಿಹಾಕಲೂ ಇಲ್ಲ. ಈ ಸಲ ನಾನು ಬರೆದುಕೊಳ್ಳಲಿಲ್ಲ.

ಆ ವಾರ ಬಿಟಿಎಂನ ಆ ಕೋಣೆಗೆ ನನ್ನನ್ನೂ ಕರೆದ. ಮನೆಯವರೂ ಕೂರಬಹುದಾದ ಸಂಜೆ ಅದು. "ಮತ್ತೆ ಮೊದಲ್ನೇ ದಿನದಿಂದ ಶುರು ಅಂತ ಹೇಳ್ಬೇಕು. ಒಬ್ನೇ ಹೋಗಕ್ಕೆ ಕಾಲು ಬರ್ತಿಲ್ಲ ಅಕ್ಕ," ಎಂದ. ಪುಟ್ಟ ಬೆಂಚಿನ ಮೇಲೆ ಮೊಣಕಾಲು ಮಡಚಿಕೊಂಡು ನಾನೂ ಕೂತೆ. ಗೋಡೆಯ ಮೇಲೆ ಅ ಅರಸ, ಆ ಆನೆ. ಅವನು ಎದ್ದು ನಿಂತು, "ಒಂದು ಸುಳ್ಳು ಹೇಳ್ದೆ. ನಾನು ಎತ್ತಿ ಆಡ್ಸಿದ ಮಗು ಹತ್ರ ಹೇಳ್ದೆ. ಅದು ಒಳಗೆ ಕೊರೀತಾ ಇತ್ತು, ಇಲ್ಲಿ ಬಂದು ಹೇಳ್ಬೇಕಿತ್ತು, ಹೇಳ್ಲಿಲ್ಲ. ಬೇರೆ ಯಾರೂ ಕಾರಣ ಅಲ್ಲ. ಗ್ಲಾಸ್ ಎತ್ತಿದ್ದು ನನ್ ಕೈ," ಎಂದ. ನನ್ನ ಕಡೆ ನೋಡಲಿಲ್ಲ. ನಾನು ಎದ್ದು ಆ ಸುಳ್ಳು ನನ್ನದು ಎನ್ನಬೇಕೆಂದುಕೊಂಡೆ. ಸಾವಿರ ಜನರ ಮುಂದೆ ಮೈಕು ಹಿಡಿದ ನನಗೆ ಹದಿನಾಲ್ಕು ಜನರ ಮುಂದೆ ಬಾಯಿ ಬರಲಿಲ್ಲ.

ಮಗಳಿಗೆ ಹೇಳಿದೆ. ಅದಕ್ಕೆ ಮತ್ತೂ ಹತ್ತು ದಿನ ಹಿಡಿಯಿತು. ಜೆ.ಪಿ. ನಗರದ ತನ್ನ ಮನೆಯ ಅಡುಗೆಕೋಣೆಯಲ್ಲಿ ಅವಳು ಚಪಾತಿ ಲಟ್ಟಿಸುತ್ತಿದ್ದವಳು ಲಟ್ಟಣಿಗೆ ಕೆಳಗಿಟ್ಟಳು. "ಅಮ್ಮ, ಮಾವ ಬೆನ್ನುನೋವು ಅಂದಾಗ ನಾನು ಮೆಡಿಕಲ್ ಸ್ಟೋರಿಗೆ ಹೋಗಿ ಮುಲಾಮು ತಂದ್ಕೊಟ್ಟೆ ಗೊತ್ತಾ ನಿಂಗೆ? ಮದ್ವೆಗೆ ಎರಡು ದಿನ ಇತ್ತು. ದಿನಕ್ಕೆ ಎರಡು ಸಲ ಹಚ್ಕೋತೀನಿ ಪುಟ್ಟಿ ಅಂದ್ರು. ಅವರ ಮುಖ ನೋಡಿ ತುಂಬಾ ನೋವಿದೆ ಅಂದ್ಕೊಂಡೆ." ಆಮೇಲೆ ಬಹಳ ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಮಾವನ ಜೊತೆ ದಿನವೂ ಮಾತಾಡುತ್ತಿದ್ದಳು.

ಇಷ್ಟಾದ ಮೇಲೆ ನನಗೆ ಬುದ್ಧಿ ಬಂತು ಎಂದು ಮುಗಿಸಬಹುದಿತ್ತು. ಬರಲಿಲ್ಲ.

ಡಿಸೆಂಬರ್ ಕೊನೆಯ ಒಂದು ಭಾನುವಾರ. ತಮ್ಮ ಮಾರ್ಕೆಟ್ಟಿನಿಂದ ಅವರೆಕಾಯಿ ತಂದಿದ್ದ. ಇಬ್ಬರೂ ಮುಂಬಾಗಿಲ ಮೆಟ್ಟಿಲ ಮೇಲೆ ಬಿಸಿಲಿಗೆ ಕೂತು ಸುಲಿಯುತ್ತಿದ್ದೆವು. ಪಕ್ಕದ ಮನೆಯಾಕೆ ಡಬ್ಬಿ ವಾಪಸ್ ಕೊಡಲು ಬಂದವರು ಅವನನ್ನು ನೋಡಿ, "ಬೆನ್ನು ಹೇಗಿದೆಯಪ್ಪಾ ಈಗ?" ಎಂದರು.

ಅವನು ಬಾಯಿ ತೆರೆಯುವ ಮೊದಲೇ ನಾನು, "ಈಗ ಎಷ್ಟೋ ವಾಸಿ ರೀ, ಎಕ್ಸರ್‌ಸೈಜ್ ಮಾಡ್ತಿದಾನೆ," ಎಂದೆ. ಯೋಚಿಸಿ ಹೇಳಿದ್ದಲ್ಲ. ಉಸಿರಿನ ಜೊತೆ ಬಂದುಬಿಟ್ಟಿತು.

ತಮ್ಮ ಕೈಯಲ್ಲಿದ್ದ ಕಾಯಿಯನ್ನು ಸುಲಿದು ಕಾಳನ್ನು ಮೊರಕ್ಕೆ ಹಾಕಿದ. "ಇಲ್ಲ ಮೇಡಂ. ನನ್ ಬೆನ್ನಿಗೆ ಏನೂ ಆಗಿರ್ಲಿಲ್ಲ. ನಾನು ಕುಡೀತಿದ್ದೆ, ಅದಕ್ಕೆ ಮಂಟಪಕ್ಕೆ ಹೋಗ್ಲಿಲ್ಲ. ಆರು ವರ್ಷ ಬಿಟ್ಟಿದ್ದೆ, ನಡುವೆ ಒಂದು ದಿನ ಜಾರ್ದೆ. ಬಿಟಿಎಂನಲ್ಲಿ ಕುಡಿತ ಬಿಟ್ಟೋರು ಸೇರೋ ಕಡೆ ಹೋಗ್ತೀನಿ, ಈಗ ನೂರಾ ಆರು ದಿನ ಆಯ್ತು. ಅಕ್ಕನಿಗೆ ಹೇಳಕ್ಕೆ ಕಷ್ಟ ಆಗತ್ತೆ, ತಪ್ಪು ತಿಳ್ಕೋಬೇಡಿ," ಎಂದ. ಹವಾಮಾನ ಹೇಳುವಷ್ಟು ಸಲೀಸಾಗಿ ಹೇಳಿದ.

ನಾನು ನೆಲ ನೋಡಿದೆ. ಆಕೆ ಹೊರಟುಹೋಗುತ್ತಾರೆ, ಸಂಜೆಯ ಹೊತ್ತಿಗೆ ಬೀದಿಗೆಲ್ಲ ಗೊತ್ತಾಗುತ್ತದೆ ಎಂದುಕೊಂಡೆ. ಆಗಲೂ ನನ್ನ ಯೋಚನೆ ಅದೇ. ಆಕೆ ಹೊರಡಲಿಲ್ಲ. ಡಬ್ಬಿಯನ್ನು ಪಕ್ಕಕ್ಕಿಟ್ಟು, ಕೆಳಗಿನ ಮೆಟ್ಟಿಲಿನ ಮೇಲೆ ಕೂತು, ರಾಶಿಯಿಂದ ಒಂದು ಹಿಡಿ ಕಾಯಿ ಎತ್ತಿಕೊಂಡು ಸುಲಿಯತೊಡಗಿದರು. ಐದಾರು ಕಾಯಿ ಮುಗಿದ ಮೇಲೆ ಅವನನ್ನೇ ಕೇಳಿದರು.

"ಅಲ್ಲಿಗೆ... ಮನೆಯವರು ಹೋಗಿ ಕೇಳ್ಬಹುದಾ? ಕುಡಿಯೋರೇ ಬರ್ಬೇಕು ಅಂತಿದೆಯಾ?"

"ಬರ್ಬಹುದು ಮೇಡಂ. ಶನಿವಾರ ಸಂಜೆ ಮನೆಯವರೂ ಬರ್ತಾರೆ. ನಾನು ಬಸ್‌ಸ್ಟಾಪ್ ಹತ್ರ ನಿಂತಿರ್ತೀನಿ."

"ನಮ್ಮನೆಯವ್ರಿಗೆ ಗೊತ್ತಾಗ್ಬಾರ್ದು."

"ಇಲ್ಲ. ಅಲ್ಲಿ ಕೇಳಿದ್ದು ಅಲ್ಲೇ ಇರತ್ತೆ."

ಆಕೆ ತಲೆಯಾಡಿಸಿದರು. "ಹದಿನೆಂಟು ವರ್ಷ ಆಯ್ತಪ್ಪ," ಎಂದರು. ಸೆರಗಿನಿಂದ ಮೂಗು ಒರೆಸಿಕೊಂಡು ಮತ್ತೆ ಕಾಯಿ ಎತ್ತಿಕೊಂಡರು. ಅವರ ಯಜಮಾನರು ದಿನವೂ ಬೆಳಿಗ್ಗೆ ಗೇಟಿನ ಬಳಿ ನನಗೆ ನಮಸ್ಕಾರ ಮಾಡುವ, ಇಸ್ತ್ರಿ ಹಾಕಿದ ಅಂಗಿಯ ಮನುಷ್ಯ.

ಇಬ್ಬರೂ ಶನಿವಾರದ ಬಸ್ಸಿನ ವಿಷಯ ಮಾತಾಡಿಕೊಂಡರು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಗೋಡೆಗೆ ಗೋಡೆ ತಾಗಿಕೊಂಡು ಇಪ್ಪತ್ತೆರಡು ವರ್ಷ ಬಾಳಿದ್ದೇವೆ, ಸಾರು ಹುಳಿ ಬದಲಾಯಿಸಿಕೊಂಡಿದ್ದೇವೆ. ಹದಿನೆಂಟು ವರ್ಷ ಆಕೆ ಬಾಯಿ ಮುಚ್ಚಿಕೊಂಡು ಇದ್ದದ್ದು ನನ್ನ ಪಕ್ಕದಲ್ಲೇ. ತಮ್ಮನಿಗೆ ಬೆನ್ನುನೋವು ಎನ್ನುವವಳ ಹತ್ತಿರ ಬಂದು ಏನೆಂದು ಹೇಳಿಕೊಳ್ಳಬೇಕಿತ್ತು.